ಸ್ಟಾಡ್‌ನಿಂದ ಆಟೋಕ್ಯಾಡ್‌ಗೆ, ಅಲ್ಲಿಂದ ಮತ್ತೆ ವಾಪಸ್: ನಮ್ಮ ಕೊಂಡಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮದು ನಾಲ್ಕು ಜನರ ಸ್ಟ್ರಕ್ಚರಲ್ ಡಿಸೈನ್ ಆಫೀಸು. ಮನೆ, ಶಾಲೆ, ಕಲ್ಯಾಣ ಮಂಟಪ, ದಾಲ್ ಮಿಲ್ ಶೆಡ್ಡು, ಇವೇ ನಮ್ಮ ಕೆಲಸ. ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್ ಸ್ಟಾಡ್ ಮತ್ತು ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಆಟೋಕ್ಯಾಡ್ ಎರಡನ್ನೂ ಜೋಡಿಸುವ ಒಂದು ಪ್ರೋಗ್ರಾಂ ಬರೆದುಕೊಂಡಿದ್ದೇವೆ. ಅದಕ್ಕೆ ಆಫೀಸಿನಲ್ಲಿ ಎಲ್ಲರೂ ‘ಕೊಂಡಿ’ ಅಂತಲೇ ಕರೆಯುತ್ತೇವೆ. ಬೀದರ್, ಯಾದಗಿರಿ ಕಡೆಯ ಎಂಜಿನಿಯರುಗಳು, ಇಲ್ಲಿನ ಕಾಲೇಜು ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಕೊಂಡಿ ಏನು ಮಾಡುತ್ತದೆ, ಸುಲಭವಾಗಿ ಹೇಳ್ತೀರಾ?

ಮೂರು ಕೆಲಸ. ಆಟೋಕ್ಯಾಡ್‌ನಲ್ಲಿ ಎಳೆದ ಕಾಲಂ, ಬೀಮ್‌ಗಳ ಗೆರೆಗಳನ್ನು ಓದಿ ಸ್ಟಾಡ್‌ಗೆ ಬೇಕಾದ ಫೈಲ್ ಬರೆಯುತ್ತದೆ. ಸ್ಟಾಡ್ ಲೆಕ್ಕ ಮುಗಿಸಿದ ಮೇಲೆ ಎಲ್ಲಿ ಎಷ್ಟು ರಾಡ್ ಬೇಕು ಅನ್ನುವುದನ್ನು ತಂದು ಡ್ರಾಯಿಂಗಿನ ಪಟ್ಟಿಯಲ್ಲಿ ತುಂಬುತ್ತದೆ. ಆಮೇಲೆ ಯಾರಾದರೂ ಡ್ರಾಯಿಂಗ್ ಬದಲಿಸಿದರೆ ಏನು ಬದಲಾಯಿತು ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಡಿಸೈನ್ ಮಾಡುವುದು ಅದರ ಕೆಲಸ ಅಲ್ಲ.

ಇದನ್ನು ಬರೆಯುವ ಅಗತ್ಯ ಯಾಕೆ ಬಂತು?

ಒಬ್ಬ ಸ್ಟೀಲ್ ಮೇಸ್ತ್ರಿಯ ಒಂದು ಪ್ರಶ್ನೆಯಿಂದ.

ಒಂದು ಕಲ್ಯಾಣ ಮಂಟಪದ ಕೆಲಸ ನಡೆದಿತ್ತು. ಮಾಲೀಕರು ಒಂದು ಗೋಡೆಯನ್ನು ಪಕ್ಕದ ಬೀಮ್ ಮೇಲಕ್ಕೆ ಸರಿಸಿದರು. ನಾವು ಲೆಕ್ಕ ಮತ್ತೆ ಮಾಡಿದೆವು. ಆ ಬೀಮ್‌ಗೆ ಆಸರೆಯ ಹತ್ತಿರ ಮೇಲ್ಭಾಗದಲ್ಲಿ 16 ಎಂಎಂನ ನಾಲ್ಕು ರಾಡ್ ಬೇಕು ಅಂತ ಬಂತು. ಬೀಮ್ ಪಟ್ಟಿಯಲ್ಲಿ ತೊಂಬತ್ತಕ್ಕೂ ಜಾಸ್ತಿ ಸಾಲು ಇದ್ದವು. ಎಲ್ಲವನ್ನೂ ಕೈಯಿಂದ ಟೈಪ್ ಮಾಡಬೇಕು. ಆ ಒಂದು ಸಾಲಿನಲ್ಲಿ ಹಳೆಯ ಅಂಕಿಯೇ ಉಳಿದುಬಿಟ್ಟಿತು, ಎರಡು ರಾಡ್.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಮೇಸ್ತ್ರಿ ಫೋನ್ ಮಾಡಿದರು. “ಸರ, ಈ ಬೀಮ್ ಮ್ಯಾಲ ಗ್ವಾಡಿ ಬರ್ತದ ಅಂದ್ರಿ. ಬಾಜೂದ್ಕ ನಾಕ್ ರಾಡ್ ಅದಾವ, ಇದಕ್ಕ ಎರಡೇ ಯಾಕ್ರಿ?” ನಾನು ಅವತ್ತು ಸಂಜೆ ಟಾರ್ಚ್ ಹಿಡಿದು ಸೆಂಟ್ರಿಂಗ್ ಮೇಲೆ ಹತ್ತಿ ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ಲೆಕ್ಕದಲ್ಲಿ ನಾಲ್ಕು, ಕಾಗದದಲ್ಲಿ ಎರಡು. ರಾತ್ರಿಯೇ ಇನ್ನೆರಡು ರಾಡ್ ಕಟ್ಟಿಸಿದೆವು. ಆ ಮೇಸ್ತ್ರಿ ಸುಮ್ನೆ ಕಟ್ಟಿ ಹೋಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ಆಫೀಸಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ಯಾವ ಅಂಕಿಯನ್ನೂ ಕೈಯಿಂದ ಎರಡನೇ ಸಲ ಟೈಪ್ ಮಾಡಬಾರದು. ಕೊಂಡಿಯ ಎಲ್ಲ ಕೆಲಸವೂ ಆ ಒಂದು ನಿಯಮದಿಂದ ಬಂದಿದೆ.

ಲೆಕ್ಕವನ್ನೂ ಡ್ರಾಯಿಂಗನ್ನೂ ಜೋಡಿಸುವುದು ಹೊಸ ವಿಚಾರವಾ?

ಅಲ್ಲ, ಅರವತ್ತು ವರ್ಷಕ್ಕೂ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಅವರು ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಂ ಬರೆದರು. ಟಿಎಕ್ಸ್-2 ಅನ್ನುವ ಕಂಪ್ಯೂಟರಿನ ಪರದೆ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆಯಬಹುದಿತ್ತು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕೆಲಸ ಶುರುವಾಗಿದ್ದೇ ಅಲ್ಲಿಂದ ಅನ್ನುತ್ತಾರೆ. ಅದರ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಟ್ರಸ್ ಸೇತುವೆಯ (ಕಡ್ಡಿಗಳನ್ನು ತ್ರಿಕೋನವಾಗಿ ಜೋಡಿಸಿದ ಸೇತುವೆ) ಚಿತ್ರ ಬಿಡಿಸಿ ಭಾರ ಹಾಕಿದರೆ ಯಾವ ಕಡ್ಡಿಯಲ್ಲಿ ಎಷ್ಟು ಬಲ ಇದೆ ಅಂತ ಅಂಕಿ ಚಿತ್ರದ ಮೇಲೆಯೇ ಕಾಣುತ್ತಿತ್ತು. ಅಂದರೆ ಮೊದಲ ದಿನವೇ ಡ್ರಾಯಿಂಗ್ ಮತ್ತು ಲೆಕ್ಕ ಒಂದೇ ಮನೆಯಲ್ಲಿದ್ದವು.

ಮತ್ತೆ ಬೇರೆ ಬೇರೆ ಯಾಕಾದವು?

ಆಗಿನ ಯಂತ್ರಗಳಿಂದಾಗಿ. ಆ ಕಾಲದ ಬಹುತೇಕ ಎಂಜಿನಿಯರುಗಳ ಕೈಗೆ ಪರದೆ ಇದ್ದ ಕಂಪ್ಯೂಟರ್ ಸಿಗುತ್ತಿರಲಿಲ್ಲ. ಕಾರ್ಡುಗಳಲ್ಲಿ ತೂತು ಹೊಡೆದು ಮಾಹಿತಿ ಕೊಡಬೇಕು, ಕಾಗದದ ಮೇಲೆ ಅಂಕಿ ಬರುತ್ತದೆ. ಡ್ರಾಯಿಂಗ್ ಮಾತ್ರ ಬೋರ್ಡಿನ ಮೇಲೆ ಕೈಯಿಂದಲೇ.

ಎಂಐಟಿಯಲ್ಲೇ 1960ರ ದಶಕದ ಮಧ್ಯದಲ್ಲಿ ಸ್ಟೀವನ್ ಫೆನ್ವೆಸ್ ಮತ್ತು ಜೊತೆಯವರು ‘ಸ್ಟ್ರೆಸ್’ ಅನ್ನುವ ಲೆಕ್ಕದ ಪ್ರೋಗ್ರಾಂ ಮಾಡಿದರು. ಎಂಜಿನಿಯರ್ ಬಳಸುವ ಪದಗಳಲ್ಲೇ ಅದಕ್ಕೆ ಮಾಹಿತಿ ಕೊಡಬಹುದಿತ್ತು. ಇವತ್ತು ಸ್ಟಾಡ್ ಫೈಲ್ ತೆರೆದರೆ ಕಾಣುವ ‘ಜಾಯಿಂಟ್ ಕೋಆರ್ಡಿನೇಟ್ಸ್’ (ಸೇರುವ ಬಿಂದುಗಳ ಜಾಗ), ‘ಮೆಂಬರ್ ಇನ್ಸಿಡೆನ್ಸಸ್’ (ಯಾವ ಬೀಮ್, ಕಾಲಂ ಯಾವ ಎರಡು ಬಿಂದುಗಳ ನಡುವೆ) ಅನ್ನುವ ಸಾಲುಗಳು ಆ ಕಾಲದಿಂದ ಬಂದವು. 1970ರಲ್ಲಿ ಬರ್ಕ್‌ಲಿಯಲ್ಲಿ ಎಡ್ವರ್ಡ್ ವಿಲ್ಸನ್ ಅವರ ಸ್ಯಾಪ್ ಅನ್ನುವ ಲೆಕ್ಕದ ಪ್ರೋಗ್ರಾಂ ಬಂತು. ಇವತ್ತಿನ ಸ್ಯಾಪ್2000, ಈಟ್ಯಾಬ್ಸ್ ಎರಡೂ ಆ ಬಳಗದವು. ಡ್ರಾಯಿಂಗ್ ಕಡೆಯಲ್ಲಿ ಆಟೋಕ್ಯಾಡ್ ಬಂದದ್ದು 1982ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಲೆಕ್ಕದವರ ಫೈಲು ಬೇರೆ, ಡ್ರಾಯಿಂಗಿನವರ ಫೈಲು ಬೇರೆ ಆಗಿ ಗಟ್ಟಿಯಾಗಿತ್ತು.

ಡಿಎಕ್ಸ್‌ಎಫ್ ಅಂದರೇನು? ಡಿಡಬ್ಲ್ಯೂಜಿ ಫೈಲೇ ಕೊಟ್ಟರೆ ಆಗಲ್ವಾ?

ಎರಡೂ ಆಟೋಕ್ಯಾಡ್ ಡ್ರಾಯಿಂಗ್ ಉಳಿಸುವ ಫೈಲ್ ರೂಪಗಳು. ಡಿಡಬ್ಲ್ಯೂಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಏನೂ ಅರ್ಥ ಆಗುವುದಿಲ್ಲ. ಡಿಎಕ್ಸ್‌ಎಫ್ ಅನ್ನು ಅಕ್ಷರ ರೂಪದಲ್ಲಿ ಸೇವ್ ಮಾಡಿದರೆ ಯಾರು ಬೇಕಾದರೂ ಓದಬಹುದು. ಎರಡೆರಡು ಸಾಲಿನ ಜೋಡಿಗಳಿರುತ್ತವೆ. ಮೊದಲ ಸಾಲಿನಲ್ಲಿ ಸಂಕೇತದ ಅಂಕಿ, ಎರಡನೆಯದರಲ್ಲಿ ಬೆಲೆ. 0 ಬಂದರೆ ಮುಂದೆ ವಸ್ತುವಿನ ಜಾತಿ, ಉದಾಹರಣೆಗೆ ಲೈನ್. 8 ಬಂದರೆ ಲೇಯರ್ (ಗೆರೆಗಳನ್ನು ಗುಂಪು ಮಾಡಿ ಇಡುವ ಪದರ) ಹೆಸರು. 10, 20, 30 ಅಂದರೆ ಗೆರೆ ಶುರುವಾಗುವ ಬಿಂದುವಿನ ಎಕ್ಸ್, ವೈ, ಝಡ್. 11, 21, 31 ಅಂದರೆ ಮುಗಿಯುವ ಬಿಂದು.

ಇಷ್ಟು ಗೊತ್ತಾದರೆ ಅರ್ಧ ಕೊಂಡಿ ಬರೆದ ಹಾಗೆ. ಸ್ಟಾಡ್ ಫೈಲ್ ಕೂಡ ಬರೀ ಅಕ್ಷರದ್ದೇ. ಒಂದು ಕಡೆ ಗೆರೆಯ ಎರಡು ತುದಿ, ಇನ್ನೊಂದು ಕಡೆ ಮೆಂಬರಿನ ಎರಡು ಜಾಯಿಂಟ್. ನಾನು ಮೊದಲ ಸಲ ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆದು ನೋಡಿದಾಗ ಇಷ್ಟು ದಿನ ಇದನ್ನು ಕೈಯಿಂದ ಯಾಕೆ ಮಾಡುತ್ತಿದ್ದೆವು ಅನ್ನಿಸಿತು.

ಡ್ರಾಯಿಂಗ್ ಸ್ಟಾಡ್‌ಗೆ ತಂದರೆ ಕಟ್ಟಡ ಅಡ್ಡ ಮಲಗಿರುತ್ತದೆ. ಯಾಕೆ?

ಆಟೋಕ್ಯಾಡ್‌ನಲ್ಲಿ ಎತ್ತರ ಅಂದರೆ ಝಡ್. ಸ್ಟಾಡ್‌ನಲ್ಲಿ ನಾವು ಬದಲಿಸದಿದ್ದರೆ ಎತ್ತರ ಅಂದರೆ ವೈ. ಹಾಗಾಗಿ ಅಕ್ಷ ತಿರುಗಿಸಬೇಕು. ಡ್ರಾಯಿಂಗಿನ ಎಕ್ಸ್ ಹಾಗೇ ಇರಲಿ. ಡ್ರಾಯಿಂಗಿನ ಝಡ್ ಸ್ಟಾಡಿನ ವೈ ಆಗಲಿ. ಡ್ರಾಯಿಂಗಿನ ವೈಗೆ ಮೈನಸ್ ಹಾಕಿ ಸ್ಟಾಡಿನ ಝಡ್ ಮಾಡಿ.

ಆ ಮೈನಸ್ ಮರೆಯಬೇಡಿ. ಮರೆತರೆ ಕಟ್ಟಡ ಎದ್ದು ನಿಲ್ಲುತ್ತದೆ, ಆದರೆ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಆಗಿರುತ್ತದೆ. ಎರಡೂ ಕಡೆ ಒಂದೇ ಥರ ಇರುವ ಕಟ್ಟಡದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಮೆಟ್ಟಿಲು ಎಡಗಡೆ ಇದೆಯಾ ಬಲಗಡೆ ಇದೆಯಾ ಅಂತ ಮೊದಲು ನೋಡಿ. ಈಟ್ಯಾಬ್ಸ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿಯೂ ಎತ್ತರ ಝಡ್. ಇನ್ನು ಡ್ರಾಯಿಂಗ್ ಮಿಲಿಮೀಟರಿನಲ್ಲಿ, ಲೆಕ್ಕ ಮೀಟರಿನಲ್ಲಿ ಇದ್ದರೆ 1000ದಿಂದ ಭಾಗಿಸುವುದು ಎಲ್ಲರಿಗೂ ಗೊತ್ತೇ ಇದೆ.

ಕೆಲವು ಬೀಮ್ ಎಲ್ಲೂ ತಾಗದೆ ತೇಲುತ್ತವೆ. ಏನು ಮಾಡಬೇಕು?

ಕಾಗದದ ಮೇಲೆ ಎರಡು ಗೆರೆ ತಾಗಿದ ಹಾಗೆ ಕಾಣುತ್ತವೆ. ನಡುವೆ 2 ಎಂಎಂ ಬಿಟ್ಟಿದ್ದರೂ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಟಾಡ್‌ಗೆ ಮಾತ್ರ ಅವು ಎರಡು ಬೇರೆ ಜಾಯಿಂಟ್. ನಮ್ಮ ಕೊಂಡಿ 15 ಎಂಎಂ ಒಳಗಿನ ಬಿಂದುಗಳನ್ನು ಒಂದೇ ಅಂತ ತಿಳಿದು ಸೇರಿಸುತ್ತದೆ. ಇದನ್ನು ಜಾಸ್ತಿ ಮಾಡುವ ಆಸೆ ಬೇಡ. 100 ಎಂಎಂ ಇಟ್ಟರೆ ನಿಜವಾಗಿ ಬೇರೆ ಇರುವ ಎರಡು ಬೀಮ್‌ಗಳೂ ಸೇರಿಹೋಗುತ್ತವೆ. ಯಾವ ಯಾವ ಬಿಂದು ಸೇರಿಸಿದೆ ಅಂತ ಪಟ್ಟಿ ಕೊಡುತ್ತದೆ, ಓದಿ.

ಗೆರೆ ಎಲ್ಲಿ ಎಳೆಯಬೇಕು, ಕಾಲಂನ ನಡುವೆಯಾ, ಅಂಚಿನಲ್ಲಾ?

ಇಲ್ಲಿಯೇ ಎರಡು ಲೋಕಗಳ ಜಗಳ ಇರುವುದು. ಸ್ಟಾಡ್‌ಗೆ ಬೀಮ್ ಅಂದರೆ ದಪ್ಪ ಇಲ್ಲದ ಒಂದು ಗೆರೆ. ಡ್ರಾಯಿಂಗಿನಲ್ಲಿ ಅದೇ ಬೀಮ್‌ಗೆ ಎರಡು ಅಂಚು, ಪಕ್ಕದಲ್ಲಿ ಗೋಡೆ, ಹೊರಗೆ ಪ್ಲಾಸ್ಟರ್. 300 ಎಂಎಂ ಅಗಲದ ಕಾಲಂ, 230 ಎಂಎಂ ಬೀಮ್, ಹೊರಗಿನ ಮುಖ ಎರಡಕ್ಕೂ ಒಂದೇ ಇರಬೇಕು ಅಂದರೆ ನಡುಗೆರೆಗಳು 35 ಎಂಎಂ ದೂರ ಆಗುತ್ತವೆ.

ನಾವು ಒಂದು ಪ್ರತ್ಯೇಕ ಲೇಯರ್ ಇಟ್ಟಿದ್ದೇವೆ. ಅದರಲ್ಲಿ ಲೆಕ್ಕದ ಗೆರೆ ಮಾತ್ರ ಇರುತ್ತದೆ, ಅದನ್ನು ಎಂಜಿನಿಯರ್ ಎಳೆಯುತ್ತಾರೆ. ಅಂಚಿನ ಗೆರೆಗಳಿಂದ ನಡುಗೆರೆಯನ್ನು ಪ್ರೋಗ್ರಾಂ ತಾನೇ ಹುಡುಕಲಿ ಅಂತ ಮೊದಲು ಮೂರು ತಿಂಗಳು ಒದ್ದಾಡಿದೆವು. ಆಮೇಲೆ ಬಿಟ್ಟೆವು. ಯಾವ ಗೆರೆ ಭಾರ ಹೊರುತ್ತದೆ ಅನ್ನುವುದು ಎಂಜಿನಿಯರ್ ತೀರ್ಮಾನ ಮಾಡಬೇಕಾದ ವಿಷಯ.

ಪ್ಲಾನ್ ಬದಲಾದರೆ ಎಲ್ಲ ಮೊದಲಿನಿಂದ ಮಾಡಬೇಕಾ?

ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಒಂದು ಸಲ ಗೆರೆ ದಾಟಿಸುವುದು ಸುಲಭ, ಯಾರು ಬೇಕಾದರೂ ಎರಡು ದಿನದಲ್ಲಿ ಬರೆಯಬಹುದು. ಎರಡನೇ ಸಲ ದಾಟಿಸುವಾಗ ‘ಇದು ಅದೇ ಕಾಲಂ’ ಅಂತ ಗುರುತು ಹಿಡಿಯುವುದೇ ಕಷ್ಟ.

ಸ್ಟಾಡ್‌ನಲ್ಲಿ ನಡುವೆ ಒಂದು ಬೀಮ್ ಸೇರಿಸಿ ಮತ್ತೆ ನಂಬರ್ ಹಾಕಿದರೆ 47 ಇದ್ದದ್ದು 52 ಆಗಬಹುದು. ಡ್ರಾಯಿಂಗಿನಲ್ಲಿ ಒಂದು ಗೆರೆ ಅಳಿಸಿ ಮತ್ತೆ ಎಳೆದರೆ ಅದು ಹೊಸ ವಸ್ತು. ಹಾಗಾಗಿ ಎರಡೂ ಕಡೆಯ ನಂಬರುಗಳನ್ನು ನಾವು ನಂಬುವುದಿಲ್ಲ. ನಮ್ಮದೇ ಒಂದು ಹೆಸರು ಕೊಡುತ್ತೇವೆ. ‘ಬಿ-3 ಕಾಲಂ, ಎರಡನೇ ಮಹಡಿ’ ಅನ್ನುವ ಹಾಗೆ, ಗ್ರಿಡ್ (ಪ್ಲಾನಿನ ಉದ್ದ, ಅಡ್ಡ ಗುರುತಿನ ಗೆರೆಗಳು) ಮತ್ತು ಮಹಡಿಯ ಮೇಲೆ. ಆಟೋಕ್ಯಾಡ್‌ನಲ್ಲಿ ಎಕ್ಸ್‌ಡೇಟಾ ಅಂತ ಒಂದು ಸೌಲಭ್ಯ ಇದೆ. ಗೆರೆಯ ಜೊತೆಗೆ ಕಣ್ಣಿಗೆ ಕಾಣದ ಒಂದು ಚೀಟಿ ಅಂಟಿಸಿದ ಹಾಗೆ. ಹೆಸರು ಅಲ್ಲಿ ಕೂತಿರುತ್ತದೆ. ಸ್ಟಾಡಿನ ಯಾವ ಮೆಂಬರ್ ಯಾವ ಹೆಸರಿನದು ಅನ್ನುವ ಪಟ್ಟಿ ಬೇರೆ ಫೈಲಿನಲ್ಲಿ.

ಇದರಲ್ಲೂ ಒಂದು ಗುಂಡಿ ಇದೆ. ಡ್ರಾಫ್ಟ್ಸ್‌ಮನ್ ಒಂದು ಕಾಲಂ ಕಾಪಿ ಮಾಡಿ ಪಕ್ಕದಲ್ಲಿಟ್ಟರೆ ಚೀಟಿಯೂ ಕಾಪಿ ಆಗುತ್ತದೆ. ಎರಡು ಕಾಲಂಗಳಿಗೆ ಒಂದೇ ಹೆಸರು! ಅದಕ್ಕೇ ಕೊಂಡಿ ಪ್ರತಿ ಸಲ ಶುರುವಿನಲ್ಲಿ ಹೆಸರುಗಳನ್ನು ಎಣಿಸುತ್ತದೆ. ಒಂದೇ ಹೆಸರು ಎರಡು ಸಲ ಕಂಡರೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಡ್ರಾಯಿಂಗಿನಲ್ಲಿ ಒಂದೇ ಆಗಿರುವ ಬೀಮ್ ಸ್ಟಾಡ್‌ನಲ್ಲಿ ಮೂರು ತುಂಡು ಆಗಿರಬಹುದು, ಅಡ್ಡ ಬೀಮ್ ಬಂದು ಸೇರಿದಲ್ಲೆಲ್ಲ ಒಂದು ಜಾಯಿಂಟ್ ಇರುತ್ತದೆ. ವಾಪಸ್ ತರುವಾಗ ಆ ತುಂಡುಗಳನ್ನು ಮತ್ತೆ ಒಂದು ಮಾಡಬೇಕು. ಎರಡು ತುಂಡು ಸೇರುವಲ್ಲಿ ಯಾವ ಕಡೆ ಜಾಸ್ತಿ ಸ್ಟೀಲ್ ಬೇಕೋ ಅದನ್ನೇ ಹಿಡಿಯಬೇಕು.

ಎಷ್ಟು ರಾಡ್ ಹಾಕಬೇಕು ಅಂತ ಕೊಂಡಿಯೇ ಆರಿಸುತ್ತದಾ?

ಸೂಚನೆ ಕೊಡುತ್ತದೆ. ಒಂದು ಉದಾಹರಣೆ ನೋಡೋಣ. 230 ಎಂಎಂ ಅಗಲದ ಬೀಮ್‌ಗೆ 742 ಚದರ ಎಂಎಂ ಸ್ಟೀಲ್ ಬೇಕು ಅಂತ ಲೆಕ್ಕ ಹೇಳಿತು ಅಂದುಕೊಳ್ಳಿ. 16 ಎಂಎಂನ ಮೂರು ರಾಡ್ ಅಂದರೆ 603, ಸಾಲದು. ನಾಲ್ಕು ಅಂದರೆ 804, ಸಾಕು. ಆದರೆ ನಾಲ್ಕು ರಾಡ್ ಒಂದೇ ಸಾಲಿನಲ್ಲಿ ಹಿಡಿಸುತ್ತವಾ?

ಎರಡೂ ಕಡೆ 30 ಎಂಎಂ ಕವರ್ (ಸ್ಟೀಲಿನ ಹೊರಗಿನ ಕಾಂಕ್ರೀಟು), 8 ಎಂಎಂ ರಿಂಗ್ (ರಾಡುಗಳನ್ನು ಸುತ್ತುವ ಕಂಬಿ) ತೆಗೆದರೆ ಒಳಗೆ 154 ಎಂಎಂ ಉಳಿಯುತ್ತದೆ. ನಾಲ್ಕು ರಾಡ್ 64 ತಿನ್ನುತ್ತವೆ. ಉಳಿದ 90 ಎಂಎಂ ಮೂರು ಸಂದುಗಳಿಗೆ, ಅಂದರೆ ಸಂದಿಗೆ 30. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 20 ಎಂಎಂ ಜಲ್ಲಿ ಇದ್ದರೆ ಕನಿಷ್ಠ 25 ಎಂಎಂ ಸಂದು ಬೇಕು. ಸರಿ ಇದೆ. ಅದೇ ಐದು ರಾಡ್ ಹಾಕಿದರೆ ಸಂದು 18.5ಕ್ಕೆ ಇಳಿಯುತ್ತದೆ. ಜಲ್ಲಿ ಮೇಲೇ ಸಿಕ್ಕಿಕೊಂಡು ಕೆಳಗೆ ಪೊಳ್ಳಾಗುತ್ತದೆ. ಆಗ ಎರಡನೇ ಸಾಲು ಮಾಡಬೇಕು. ಬರೀ ಸ್ಟೀಲಿನ ಕ್ಷೇತ್ರ ನೋಡುವ ಪ್ರೋಗ್ರಾಂಗೆ ಇದು ಗೊತ್ತಾಗುವುದಿಲ್ಲ. ಡ್ರಾಯಿಂಗ್ ಮತ್ತು ಲೆಕ್ಕ ಕೂಡಿದ ಕಡೆಯಲ್ಲೇ ಇದು ಕಾಣುವುದು. ಕೊಂಡಿಯಿಂದ ನಮಗೆ ಸಿಕ್ಕ ದೊಡ್ಡ ಲಾಭ ಇದೇ ಅಂತ ನನಗೆ ಅನ್ನಿಸುತ್ತದೆ.

ರಾಡಿನ ಉದ್ದವೂ ಹಾಗೇ. ಎಂ25 ದರ್ಜೆಯ ಕಾಂಕ್ರೀಟು, ಎಫ್ಇ500 ದರ್ಜೆಯ ಸ್ಟೀಲ್ ಇದ್ದರೆ ಎಳೆತಕ್ಕೆ ಒಳಗಾಗುವ ರಾಡನ್ನು ಅದರ ದಪ್ಪದ ಸುಮಾರು 49 ಪಟ್ಟು ಒಳಗೆ ನಡೆಸಬೇಕು. 16 ಎಂಎಂಗೆ ಹತ್ತಿರ ಹತ್ತಿರ 780 ಎಂಎಂ. ಕೊಂಡಿ ಅದನ್ನು ತಾನೇ ಲೆಕ್ಕ ಹಾಕಿ ಕಟಿಂಗ್ ಪಟ್ಟಿಯಲ್ಲಿ ಬರೆಯುತ್ತದೆ.

ನಮ್ಮ ಕಡೆಯ ಎರೆ ಮಣ್ಣಿಗೂ ಈ ಕೊಂಡಿಗೂ ಏನು ಸಂಬಂಧ?

ಇದೆ. ಕಲಬುರಗಿ, ಯಾದಗಿರಿ ಕಡೆ ಕಪ್ಪು ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಫೂಟಿಂಗ್ (ಕಾಲಂನ ಅಡಿಪಾಯ) ಅದರ ಕೆಳಗಿನ ಗಟ್ಟಿ ಮೊರಂ (ಗರಸು) ತನಕ ಹೋಗಬೇಕು. 1.5 ಮೀಟರಿಗೆ ಸಿಗುತ್ತದೆ ಅಂದುಕೊಂಡು ಲೆಕ್ಕ ಮಾಡಿರುತ್ತೇವೆ. ಅಗೆದರೆ ಒಂದು ಮೂಲೆಯಲ್ಲಿ 2.4 ಮೀಟರಿಗೆ ಸಿಗುತ್ತದೆ. ಸೈಟಿನವರು ಕಾಲಂ ಉದ್ದ ಮಾಡುತ್ತಾರೆ, ಡ್ರಾಫ್ಟ್ಸ್‌ಮನ್ ಡ್ರಾಯಿಂಗ್ ತಿದ್ದುತ್ತಾರೆ, ಲೆಕ್ಕ ಮಾತ್ರ ಹಳೆಯ ಉದ್ದದಲ್ಲೇ ಉಳಿಯುತ್ತದೆ. ಒಂದು ಕಾಲಂ ಬೇರೆಯವಕ್ಕಿಂತ ಉದ್ದ ಆದರೆ ಅದರ ಬಿಗಿ ಕಡಿಮೆ ಆಗುತ್ತದೆ. ಅಡ್ಡ ಬಲ ಗಿಡ್ಡ ಕಾಲಂಗಳ ಮೇಲೆ ಜಾಸ್ತಿ ಬೀಳುತ್ತದೆ. ಕೊಂಡಿ ವಾಪಸ್ ಬರುವಾಗ ಈ ಉದ್ದದ ವ್ಯತ್ಯಾಸ ಕೆಂಪಗೆ ಕಾಣುತ್ತದೆ. ಬೀದರಿನ ಕೆಂಪು ಕಲ್ಲಿನ ನೆಲದಲ್ಲಿ ಇಷ್ಟು ಏರುಪೇರು ನಾವು ಕಂಡಿಲ್ಲ. ಆದರೂ ಅಲ್ಲಿಯೂ ಅಗೆದು ನೋಡಿಯೇ ಲೆಕ್ಕ ಮುಗಿಸಿ.

ಗೆರೆ ಬಿಟ್ಟು ಬೇರೆ ಮಾಹಿತಿಯೂ ದಾಟುತ್ತದಾ?

ದಾಟಲೇಬೇಕು. ಪ್ಲಾನಿನ ಮೂಲೆಯಲ್ಲಿ ‘ಶಹಾಬಾದ್ ಫರ್ಸಿ’ (ಹಾಸುಗಲ್ಲು) ಅಂತ ಒಂದು ಸಾಲು ಬರೆದಿರುತ್ತದೆ. ಲೆಕ್ಕ ಮಾಡುವವರು ನೆಲಹಾಸಿಗೆ ಚದರ ಮೀಟರಿಗೆ 1 ಕಿಲೋನ್ಯೂಟನ್ ಹಿಡಿದು ಮುಂದೆ ಹೋಗುತ್ತಾರೆ. 30 ಎಂಎಂ ಫರ್ಸಿ, ಕೆಳಗೆ 50 ಎಂಎಂ ಮಸಾಲಾ (ಗಾರೆ) ಹಿಡಿದರೆ ಹತ್ತಿರ ಹತ್ತಿರ 1.8 ಆಗುತ್ತದೆ. ಈಗ ನಮ್ಮ ಡ್ರಾಯಿಂಗಿನಲ್ಲಿ ಪ್ರತಿ ಕೋಣೆಗೂ ನೆಲಹಾಸು ಯಾವುದು ಅಂತ ಆರಿಸುವ ಜಾಗ ಇದೆ. ಭಾರ ಅಲ್ಲಿಂದಲೇ ಸ್ಟಾಡ್‌ಗೆ ಹೋಗುತ್ತದೆ.

ಭೂಕಂಪದ ನಕ್ಷೆಯಲ್ಲಿ ನಮ್ಮದು ಕಡಿಮೆ ಅಪಾಯದ ಝೋನ್ 2. ಭೂಕಂಪದ ಡೀಟೇಲ್ ಯಾಕೆ ಬರೆಯುತ್ತೀರಿ?

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಕಿಲ್ಲಾರಿ ಲಾತೂರ್ ಜಿಲ್ಲೆಯದು, ನಮ್ಮ ಬೀದರ್, ಆಳಂದಗಳಿಗೆ ದೂರ ಅಲ್ಲ. ಆಗಿನ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ಝೋನ್ 1ರಲ್ಲಿತ್ತು. 2002ರಲ್ಲಿ ಭೂಕಂಪದ ಭಾರತೀಯ ಮಾನದಂಡ ಐಎಸ್ 1893 ತಿದ್ದಿದಾಗ ಝೋನ್ 1 ಅನ್ನುವುದನ್ನೇ ತೆಗೆದುಹಾಕಿದರು.

ಭೂಕಂಪ ತಾಳುವ ಹಾಗೆ ಸ್ಟೀಲ್ ಕಟ್ಟುವ ಮಾನದಂಡ ಐಎಸ್ 13920ರ 2016ರ ಆವೃತ್ತಿ ಝೋನ್ 2ರಲ್ಲಿ ಕಡ್ಡಾಯ ಅಲ್ಲ. ಆದರೂ ರಿಂಗಿನ ಕೊಕ್ಕೆಯನ್ನು ನಾವು 135 ಡಿಗ್ರಿಗೇ ಬರೆಯುತ್ತೇವೆ. ಅದಕ್ಕೆ ಬೇಕಾಗುವುದು ರಿಂಗಿಗೆ ಒಂದು ಗೇಣೂ ಇಲ್ಲದ ಹೆಚ್ಚಿನ ರಾಡು. 90 ಡಿಗ್ರಿ ಕೊಕ್ಕೆ ಕಾಲಂ ಮೇಲಿನ ಕಾಂಕ್ರೀಟ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಕೊಂಡಿ ಬರೆಯುವ ಡೀಟೇಲ್‌ನಲ್ಲಿ 90 ಡಿಗ್ರಿ ಕೊಕ್ಕೆ ಇಲ್ಲವೇ ಇಲ್ಲ.

ರೆವಿಟ್ ತಗೊಂಡರೆ ಇದೆಲ್ಲ ಬೇಕಾಗಲ್ಲ, ಅಲ್ವಾ?

ರೆವಿಟ್ ಅಂದರೆ ಇಡೀ ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್, ಒಳ್ಳೆಯದು. 2000ದಲ್ಲಿ ಬಂತು, 2002ರಲ್ಲಿ ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕೊಂಡುಕೊಂಡಿತು. ಅದರಲ್ಲಿ ಕಟ್ಟಡದ ಮಾಡೆಲ್ ಜೊತೆಗೇ ಲೆಕ್ಕದ ಮಾಡೆಲ್ ತಾನಾಗಿ ಹುಟ್ಟುತ್ತಿತ್ತು. 2023ರ ಆವೃತ್ತಿಯಲ್ಲಿ ಅವರೇ ಎರಡನ್ನೂ ಬಿಡಿಸಿ ಲೆಕ್ಕದ ಮಾಡೆಲನ್ನು ಎಂಜಿನಿಯರ್ ಬೇರೆಯಾಗಿ ಮಾಡಿಕೊಳ್ಳಲಿ ಅಂತ ಬದಲಿಸಿದರು. ನಡುಗೆರೆ ಹುಡುಕಲು ಹೋಗಿ ನಾವು ಕಲಿತದ್ದೂ ಅದನ್ನೇ. ದೊಡ್ಡ ಕೆಲಸ ಇದ್ದರೆ, ಆರ್ಕಿಟೆಕ್ಟ್ ಕೂಡ ರೆವಿಟ್ ಬಳಸುತ್ತಿದ್ದರೆ, ಖಂಡಿತ ತಗೊಳ್ಳಿ. ನಮಗೆ ಬರುವ ಪ್ಲಾನುಗಳು ಬಹುತೇಕ ಆಟೋಕ್ಯಾಡಿನವು, ಅದಕ್ಕೇ ನಾವು ಇಲ್ಲಿದ್ದೇವೆ. ಯಾವ ಕಂಪನಿಗೂ ಸೇರದ ಐಎಫ್‌ಸಿ ಅನ್ನುವ ಫೈಲ್ ರೂಪ ಕೂಡ ಇದೆ. 2013ರಲ್ಲಿ ಅದು ಐಎಸ್ಒ 16739 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಆಯಿತು. ಅದನ್ನು ಓದುವ ಕೆಲಸ ಕೊಂಡಿಗೆ ಈಗ ಕಲಿಸುತ್ತಿದ್ದೇವೆ.

ಡ್ರಾಫ್ಟ್ಸ್‌ಮನ್ ಕೆಲಸ ಹೋಗುತ್ತಾ?

ನಮ್ಮಲ್ಲಿ ಯಾರೂ ಹೋಗಿಲ್ಲ. ಮೊದಲು ಪಟ್ಟಿ ಟೈಪ್ ಮಾಡುತ್ತಿದ್ದವರು ಈಗ ಕಾಲಂ, ಬೀಮ್ ಸೇರುವ ಜಾಗಗಳ ದೊಡ್ಡ ಚಿತ್ರ ಬಿಡಿಸುತ್ತಾರೆ. ಮೊದಲು ಅದಕ್ಕೆ ಸಮಯವೇ ಸಿಗುತ್ತಿರಲಿಲ್ಲ. ಸ್ಟೀಲ್ ಮೇಸ್ತ್ರಿಗೆ ನಿಜವಾಗಿ ಬೇಕಾದದ್ದು ಆ ಚಿತ್ರವೇ.

ನಾನೂ ಇಂಥದ್ದು ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಎರಡು ದಾರಿ. ಆಟೋಕ್ಯಾಡ್ ಒಳಗೇ ಬರೆಯುವುದಾದರೆ ಅದರದೇ ಪ್ರೋಗ್ರಾಂ ಭಾಷೆ ಆಟೋಲಿಸ್ಪ್. 1986ರಿಂದ ಇದೆ, ಈಗಲೂ ಚೆನ್ನಾಗಿ ನಡೆಯುತ್ತದೆ. ಆಟೋಕ್ಯಾಡ್ ಎಲ್‌ಟಿ ಇದ್ದವರಿಗೆ 2024ರ ಆವೃತ್ತಿಯಿಂದ ಸಿಗುತ್ತದೆ. ಇನ್ನೊಂದು ದಾರಿ ಪೈಥಾನ್. ಇಝಡ್‌ಡಿಎಕ್ಸ್‌ಎಫ್ ಅನ್ನುವ ಉಚಿತ ಲೈಬ್ರರಿ ಡಿಎಕ್ಸ್‌ಎಫ್ ಓದುತ್ತದೆ, ಬರೆಯುತ್ತದೆ, ಎಕ್ಸ್‌ಡೇಟಾ ಕೂಡ. ಸ್ಟಾಡ್ ಜೊತೆ ನೇರ ಮಾತಾಡಲು ಓಪನ್‌ಸ್ಟಾಡ್ ಅನ್ನುವ ಅದರದೇ ಸೌಲಭ್ಯ ಇದೆ.

ಮೊದಲು ನಾಲ್ಕು ಕಾಲಂ, ನಾಲ್ಕು ಬೀಮ್ ಇರುವ ಒಂದು ಮಹಡಿ ತಗೊಳ್ಳಿ. ಅದರ ಉತ್ತರವನ್ನು ಕೈಯಿಂದ ಲೆಕ್ಕ ಮಾಡಿಟ್ಟುಕೊಳ್ಳಿ. ಕೊಂಡಿಯಲ್ಲಿ ಏನೇ ಬದಲಿಸಿದರೂ ಆ ಒಂದು ಮಹಡಿಯನ್ನು ಮತ್ತೆ ಓಡಿಸಿ ನೋಡಿ. ನಾವು ಇವತ್ತಿಗೂ ಹಾಗೇ ಮಾಡುತ್ತೇವೆ.

ನಮ್ಮ ಡ್ರಾಯಿಂಗನ್ನು ನಿಮ್ಮ ಕೊಂಡಿಯಲ್ಲಿ ಓಡಿಸಿ ನೋಡಬಹುದಾ? ಏನು ತರಬೇಕು?

ಬನ್ನಿ, ಶನಿವಾರ ಮಧ್ಯಾಹ್ನದ ಮೇಲೆ ನಾವು ಬಿಡುವಾಗಿರುತ್ತೇವೆ. ಡಿಎಕ್ಸ್‌ಎಫ್ ಆಗಿ ಸೇವ್ ಮಾಡಿದ ಪ್ಲಾನ್ ತನ್ನಿ, ಗ್ರಿಡ್ ಗೆರೆಗಳಿಗೆ ಹೆಸರು ಇರಲಿ. ಪ್ರತಿ ಮಹಡಿಯ ಎತ್ತರ ಬರೆದುಕೊಂಡು ಬನ್ನಿ. ಗುಂಡಿ ಅಗೆದಿದ್ದರೆ ಯಾವ ಮೂಲೆಯಲ್ಲಿ ಎಷ್ಟು ಆಳಕ್ಕೆ ಮೊರಂ ಸಿಕ್ಕಿತು ಅನ್ನುವುದು ಬೇಕೇ ಬೇಕು. ಸೈಟಿನಲ್ಲಿ ಸ್ಟೀಲ್ ಕಟ್ಟುವವರು ಬರಲು ಒಪ್ಪಿದರೆ ಅವರನ್ನೂ ಕರಕೊಂಡು ಬನ್ನಿ.